ನಾಲ್ಕನೆಯವನನ್ನು ಕರೆಯುವ ಬಗೆ

“ಸುಜಯಾ, ನಿಮ್ಮ ದಾಜಿಗೆ ಹೇಳ, ಬ್ಯಾಗ ತುಂಬಿದ್ದು ಸಾಕು, ಆ ಮನಿ ಬಿಟ್ಟ ಹೊರಗ ಬರ್ರಿ ಅಂತ.”

ಸುಜಯ ಫೋನಿನಿಂದ ಕಣ್ಣು ಕೀಳದೆಯೇ ಎಡಕ್ಕೆ ವಾಲಿ, “ದಾಜಿ, ಹೊರಗ ಬರಬೇಕಂತ್ರಿ,” ಎಂದ.

“ಬಂದ್ನಿ ಬಂದ್ನಿ. ಇಲ್ಲೊಂದು ಛಲೋ ಹೆಲ್ಮೆಟ್ ಬಿದ್ದೈತಿ, ತಗೊಂಡ ಬರತೀನಿ ಅನ್ನು.”

“ಹೆಲ್ಮೆಟ್ ತಗೊಂಡ ಬರತಾರಂತ ಅಕ್ಕಾ.”

ಪೂನಮಳಿಗೆ ಕೇಳಿಸಿತ್ತು. ಕೇಳಿಸದೆ ಏನು? ಸುಜಯ ದಾಜಿ ಎಂದು ಕರೆಯುವ ಅಕ್ಕನ ಗಂಡ, ಅಂದರೆ ಕಳೆದ ಬೇಸಿಗೆಯಲ್ಲಿ ಅವಳ ಕೈಹಿಡಿದ ಅಭಿನಂದನ, ಅದೇ ಗಾದಿಯ ಇನ್ನೊಂದು ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ನಡುವೆ ತಮ್ಮ ಸುಜಯ. ಕೈ ಚಾಚಿದರೆ ಗಂಡನ ಅಂಗಿಯ ತೋಳು ಸಿಗುತ್ತಿತ್ತು. ಆದರೆ ಮಾತು ಮಾತ್ರ ಚಿಕ್ಕೋಡಿ ಸುತ್ತಿ ಸದಲಗಾಕ್ಕೆ ಬಂದ ಹಾಗೆ ಸುಜಯನ ಬಾಯಿ ಹಾದೇ ಹೋಗಬೇಕಾಗಿತ್ತು.

ಕೋಣೆಗೆ ಕದವಿಲ್ಲ, ಬರೀ ಪರದೆ. ಪರದೆಯ ಆಚೆ ಪಡಸಾಲೆಯಲ್ಲಿ ಪೂನಮಳ ಮಾವ ಧನಪಾಲ ಕೂತು ಮರಾಠಿ ಪೇಪರು ಓದುತ್ತಿದ್ದರು. ಮಗ-ಸೊಸೆಯನ್ನು ನಿಪ್ಪಾಣಿಗೆ ಕರೆದೊಯ್ಯಲು ಸಂಜೆ ಬರುತ್ತೇನೆ ಎಂದಿದ್ದವರು, ಬೋರಗಾಂವದ ಕೆಲಸ ಬೇಗ ಮುಗಿಯಿತೆಂದು ಮಧ್ಯಾಹ್ನವೇ ಕಾರು ತಂದು ನಿಲ್ಲಿಸಿದ್ದರು. ಆಗ ಪಂದ್ಯ ಶುರುವಾಗಲು ಒಂದು ಚಹಾ ಕುಡಿಯುವಷ್ಟು ಹೊತ್ತು ಉಳಿದಿತ್ತು. ಪೂನಮ ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ, ಕಾಲಿಗೆರಗಿ, ನೀರು ಕೊಟ್ಟು, ಒಳಗೆ ಬಂದು ಇಯರ್‌ಫೋನು ಸಿಕ್ಕಿಸಿಕೊಂಡಿದ್ದಳು. ಅಲ್ಲಿಂದ ಅವಳ ದನಿ ಅರ್ಧಕ್ಕೆ ಇಳಿದಿತ್ತು.

ಆಟ ಗೊತ್ತಿಲ್ಲದವರಿಗೂ ತಿಳಿಯುವಂಥದ್ದೇ. ನಾಲ್ಕು ನಾಲ್ಕು ಮಂದಿಯ ತಂಡಗಳು ಫೋನಿನೊಳಗಿನ ಒಂದು ನಡುಗಡ್ಡೆಗೆ ಇಳಿಯುತ್ತವೆ. ಅಲ್ಲಿಯ ಮನೆಗಳಲ್ಲಿ ಬಿದ್ದಿರುವ ಬಂದೂಕು, ಗುಂಡು, ಜಾಕೀಟು ಆಯ್ದುಕೊಂಡು ಒಬ್ಬರನ್ನೊಬ್ಬರು ಬೇಟೆಯಾಡುತ್ತವೆ. ಹೊತ್ತು ಹೋದಂತೆ ಆಡುವ ಜಾಗ ಸಣ್ಣದಾಗುತ್ತ ಬರುತ್ತದೆ; ಅದರ ಹೊರಗೆ ಉಳಿದವರು ಸಾಯುತ್ತಾರೆ. ಕೊನೆಗೆ ಯಾವ ತಂಡದವರು ನಿಂತಿರುತ್ತಾರೋ ಅವರು ಗೆದ್ದ ಹಾಗೆ. ಚಿಕ್ಕೋಡಿಯ ಹುಡುಗರ ಒಂದು ಸಂಘ ದೀಪಾವಳಿಗೆ ಇಟ್ಟ ಸ್ಪರ್ಧೆಯ ಕಡೆಯ ಪಂದ್ಯ ಇವತ್ತು, ಪಾಡ್ಯದ ದಿನ. ಗೆದ್ದ ತಂಡ ಮುಂದಿನ ತಿಂಗಳು ಬೆಳಗಾವಿಗೆ ಹೋಗಿ, ದೊಡ್ಡ ಸಭಾಗೃಹದಲ್ಲಿ, ನೂರಾರು ಮಂದಿಯ ಎದುರು ಕೂತು ಆಡಬೇಕು. ಪೂನಮಳಿಗೆ ಬೇಕಾಗಿದ್ದದ್ದು ಅದು. ಬೇರೆ ಏನೂ ಬೇಕಾಗಿರಲಿಲ್ಲ.

ತಂಡದಲ್ಲಿ ಅವಳ ಕೆಲಸ ದಾರಿ ಹೇಳುವುದು. ಅವಳು ಬಂದೂಕು ಹಿಡಿಯುತ್ತಿರಲಿಲ್ಲ. ಅದಕ್ಕೆ ಕಾರಣ ಅಜ್ಜಿ ತಾರಾಬಾಯಿ. ಪೂನಮ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ದಿನ ಅಜ್ಜಿ ಜಪಸರ ಮಡಿಲಲ್ಲಿಟ್ಟುಕೊಂಡು, “ಇವತ್ತ ಎಷ್ಟ ಜೀವಾ ತಗದೆವಾ?” ಎಂದು ಕೇಳಿದ್ದಳು.

“ಸುಳ್ಳ ಜೀವಾ ಅಜ್ಜಿ. ಚಿತ್ರದಾವು.”

“ಜೀವಾ ಸುಳ್ಳ ಇರಬಹುದು. ಕೊಲ್ಲೂ ಮನಸ ಖರೇದೈತೆಲ್ಲ?”

ಪೂನಮ ಕಡೆಗೆ ಬಂದೂಕು ಮುಟ್ಟುವುದಿಲ್ಲ ಎಂದು ಅಜ್ಜಿಗೆ ಮಾತು ಕೊಟ್ಟಳು. ಆಟ ಬಿಡುತ್ತೇನೆ ಎಂದು ಮಾತ್ರ ಕೊಡಲಿಲ್ಲ. ಅಂದಿನಿಂದ ಉಳಿದ ಮೂವರ ಗುಂಡು, ಔಷಧ ಎಲ್ಲ ತಾನೇ ಹೊತ್ತುಕೊಂಡು, ಎತ್ತರದ ಜಾಗ ಹುಡುಕಿ ಅಡಗಿ ಕೂತು, ಯಾರು ಎಲ್ಲಿಂದ ಬರುತ್ತಿದ್ದಾರೆ, ಯಾರು ಎತ್ತ ಹೋಗಬೇಕು ಎಂದು ಹೇಳತೊಡಗಿದಳು. “ಮಾಡಿಸಿದಾಕಿಗೂ ಪಾಪ ಐತಿ,” ಎಂದು ಅಜ್ಜಿ ಗೊಣಗಿದಳು. ಆದರೆ ಮೊಮ್ಮಗಳ ಮುಖ ನೋಡಿ ಮುಂದೆ ಮಾತು ಬೆಳೆಸಲಿಲ್ಲ.

ಸಾರಿಗೆ ಉಪ್ಪು ಹಾಕಲೇ ಎಂದು ಎರಡೆರಡು ಸಲ ಕೇಳಿ ಹಾಕುವ ಹುಡುಗಿ ಅವಳು. ಆಟದೊಳಗೆ ಇಳಿದಳೆಂದರೆ ಬೇರೆಯೇ. “ದುಂಡ್ಯಾ, ಬಲಕ್ಕ. ಸುಜ್ಯಾ, ಬಗ್ಗ. ಸಮಾಧಾನ, ಈಗ ಓಡ.” ಹೆಸರು, ಅದರ ಬೆನ್ನಿಗೆ ಒಂದು ಮಾತು, ಅಷ್ಟೇ. ಚಿಂಚಲಿಯ ಕುರಿಗಾರರ ಹುಡುಗ ದುಂಡೇಶ ಅಪ್ಪನ ಮಾತು ಕೇಳದವನು, ಇವಳ ಮಾತಿಗೆ ಏಕೆ ಎಂದು ಕೇಳದೆ ಬಲಕ್ಕೆ ಹೋಗುತ್ತಿದ್ದ. ಅವನು ಸುಜಯನ ಕಾಲೇಜಿನ ಗೆಳೆಯ. ಹೊಲದ ಬದುವಿನ ಮೇಲೆ ಕುರಿ ಬಿಟ್ಟುಕೊಂಡು ಅಲ್ಲಿಂದಲೇ ಆಡುತ್ತಿದ್ದ. ಅವನು ಮಾತಾಡಿದರೆ ಹಿಂದೆ ಕುರಿಗಳ ಗಂಟೆಯೂ ಕೇಳಿಸುತ್ತಿತ್ತು. ನಾಲ್ಕನೆಯವನು ಸಮಾಧಾನ, ಇದೇ ಸದಲಗಾದವನು, ಗುರಿ ಇಟ್ಟರೆ ತಪ್ಪದವನು.

ಮದುವೆಯಾಗಿ ನಿಪ್ಪಾಣಿಗೆ ಹೋದ ಮೇಲೆ ಆಟ ನಿಂತಿತು. ಆಡಬೇಡ ಎಂದು ಅಲ್ಲಿ ಯಾರೂ ಅನ್ನಲಿಲ್ಲ. ಆಡುವ ಹೊತ್ತು ಮಾತ್ರ ಬರಲಿಲ್ಲ. ಬೆಳಿಗ್ಗೆ ಅಡಿಗೆ, ಅಂಗಡಿಗೆ ಡಬ್ಬಿ, ಮಧ್ಯಾಹ್ನ ಅತ್ತೆಯನ್ನು ಕಾಣಲು ಬರುವವರು, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ, ಆಮೇಲೆ ಪಾತ್ರೆ. ಹನಿ ನೀರಾವರಿ ಪೈಪಿನ ಅಂಗಡಿ ಮುಚ್ಚಿ ಅಭಿನಂದನ ಬರುವ ಹೊತ್ತಿಗೆ ಅವಳ ಕಣ್ಣು ಎಳೆಯುತ್ತಿರುತ್ತಿತ್ತು. ಒಂದು ದಿನ ಅವಳ ಫೋನಿನಲ್ಲಿ ಆಟ ಕಂಡು ಅವನೇ, “ಇದನ್ನ ನೀ ಆಡತೀ ಏನ? ನನಗೂ ಕಲಸ,” ಎಂದಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯವನು ಎಂಬುದರಲ್ಲಿ ಪೂನಮಳಿಗೆ ಯಾವ ಸಂಶಯವೂ ಇರಲಿಲ್ಲ.

ಆ ಮಾತು ಹಿಡಿದೇ ಸುಜಯ ಒಂದು ಹೂಟ ಹೂಡಿದ. “ದಾಜಿನ್ನ ನಾಲ್ಕನೇದವರನ್ನ ಮಾಡೂಣು ಅಕ್ಕಾ. ಗೆದ್ವಿ ಅಂದ್ರ ನೀ ಬೆಳಗಾಂವಿಗೆ ಆಟಕ್ಕ ಹೊಂಟಿ ಅಂತ ನಿಪ್ಪಾಣ್ಯಾಗ ಯಾರ ಅಂತಾರ? ಗಂಡನ ಕೂಡ ಹೋದ್ಲು ಅಂತಾರ. ಮುಂದ ಮನ್ಯಾಗ ಕುಂತ ಆಡಿದ್ರೂ ಇಬ್ಬರೂ ಕೂಡಿ ಆಡಾಕತ್ತಾರ ಅಂತಾರ.” ಹೂಟವೇನೋ ಚೆನ್ನಾಗಿತ್ತು. ಅದಕ್ಕಾಗಿ ಸಮಾಧಾನನನ್ನು ಬಿಡಬೇಕಾಯಿತು. ಅಷ್ಟು ಒಳ್ಳೆಯ ಹೆಸರಿಟ್ಟುಕೊಂಡವನು ಹಬ್ಬ ಮುಗಿಯಲು ಬಂದರೂ ಸುಜಯನ ಫೋನೆತ್ತಲಿಲ್ಲ.

ಮೊದಲ ದೀಪಾವಳಿಗೆಂದು ಗಂಡ-ಹೆಂಡತಿ ಸದಲಗಾಕ್ಕೆ ಬಂದವರು ಕರ್ಚಿಕಾಯಿ, ಚಕಲಿ ತಿನ್ನುತ್ತ ತಾಲೀಮು ನಡೆಸಿದರು. ಮಹಾವೀರ ನಿರ್ವಾಣದ ದಿನ ಮಾತ್ರ ಅಜ್ಜಿ ಫೋನು ಮುಟ್ಟಗೊಡಲಿಲ್ಲ. ತಾಲೀಮಿನ ಮೊದಲ ಗಳಿಗೆಯಲ್ಲೇ ತೊಡಕು ಗೊತ್ತಾಯಿತು. “ದುಂಡ್ಯಾ, ಬಲಕ್ಕ. ಸುಜ್ಯಾ, ಬಗ್ಗ,” ಎಂದ ಪೂನಮ ಅಲ್ಲಿಗೇ ನಿಂತಳು. ಮುಂದಿನ ಹೆಸರು ಬಾಯಿಯವರೆಗೆ ಬಂದು ಹಲ್ಲಿನ ಹಿಂದೆ ಕೂತುಬಿಟ್ಟಿತು.

ಗಂಡನ ಹೆಸರನ್ನು ಅವಳು ಒಮ್ಮೆ ಹೇಳಿದ್ದಳು. ಮದುವೆಯ ದಿನ, ಹೆಂಗಸರೆಲ್ಲ ಸುತ್ತುಗಟ್ಟಿದಾಗ, ಪ್ರಾಸ ಕೂಡಿಸಿ ಒಡಪಿನಲ್ಲಿ. “ದೂಧಗಂಗಾ ದಂಡಿಗೆ ಕಬ್ಬಿನ ತೋಟ, ಅಭಿನಂದನ ಅವರ ತಾಟಿನ್ಯಾಗ ನನ್ನ ಮೊದಲನೇ ಊಟ.” ಎಲ್ಲರೂ ನಕ್ಕು ಚಪ್ಪಾಳೆ ಹೊಡೆದಿದ್ದರು. ಆಮೇಲೆ ಮನೆಯಲ್ಲಿ ಎಲ್ಲವೂ ‘ರೀ’ ಎಂಬುದರಲ್ಲಿ, ‘ಇವರು’ ಎಂಬುದರಲ್ಲಿ ನಡೆದುಹೋಗುತ್ತಿತ್ತು. ಅವಳ ಅವ್ವನೂ ಹಾಗೆಯೇ ನಡೆಸಿದ್ದಳು, ಅಜ್ಜಿಯೂ ಹಾಗೆಯೇ ನಡೆಸಿದ್ದಳು. ‘ರೀ’ ಎಂದು ಕರೆದು ‘ಬಗ್ಗ’ ಎನ್ನಲು ಮಾತ್ರ ಬಾಯಿ ಬರುತ್ತಿರಲಿಲ್ಲ.

“ಆಟದಾಗ ಏನೈತಿ? ನೀ ನನ್ನ ಹ್ಯಾಂಗ ಬೇಕಾದ್ರೂ ಕರಿ,” ಎಂದ ಅಭಿನಂದನ. ಅವನು ಅಂದದ್ದರಿಂದ ಹೆಸರೇನೂ ಹೊರಗೆ ಬರಲಿಲ್ಲ.

ಸುಜಯ, “ನಂಬರ ಹಿಡದ ಕರೀ ಅಕ್ಕಾ. ದಾಜಿ ನಾಲ್ಕನೇ ನಂಬರ,” ಎಂದ. ಪೂನಮ ಅದನ್ನೂ ನೋಡಿದಳು. “ನಾಲ್ಕು, ಎಡಕ್ಕ,” ಎನ್ನುವಷ್ಟರಲ್ಲಿ ತೂಗುಮಂಚದ ಮೇಲಿಂದ ಅಜ್ಜಿ, “ಗಂಡಗ ನಂಬರ ಹಚ್ಚಿ ಕರೀತಿ? ಅಂವೇನ ಜೇಲಿನ್ಯಾಗ ಅದಾನೇನ?” ಎಂದಳು. ಅಭಿನಂದನ ಬಿದ್ದು ಬಿದ್ದು ನಕ್ಕ. ಫೋನಿನ ಆಚೆಯಿಂದ ದುಂಡೇಶ, “ಅಕ್ಕಾ, ಒಡಪ ಹಾಕಿ ಕರೀ,” ಎಂದ. “ಒಡಪ ಮುಗಿಯೂದ್ರಾಗ ದಾಜಿ ಮ್ಯಾಲ ಹೋಗಿರತಾರಲೇ,” ಎಂದ ಸುಜಯ. ನಗುವಿನಲ್ಲಿ ನಂಬರು ಹಾರಿಹೋಯಿತು. ಸುಜಯನ ಬಾಯಿಂದ ಹೇಳಿಸುವ ದಾರಿ ತಾನಾಗಿಯೇ ಬಿತ್ತು. ತಾಲೀಮಿನಲ್ಲಿ ಅದು ನಡೆಯಿತು ಕೂಡ, ಏಕೆಂದರೆ ತಾಲೀಮಿನಲ್ಲಿ ಯಾರಿಗೂ ಅವಸರವಿರಲಿಲ್ಲ.

ಈಗ ಪಂದ್ಯ. ಅಭಿನಂದನ ಹೆಲ್ಮೆಟ್ಟು ತೊಟ್ಟು ಹೊರಗೆ ಬಂದ. ಅವನು ಅಂಗಡಿಯವನು; ಬಿಟ್ಟುಹೋಗುವ ಸಾಮಾನು ಕಂಡರೆ ಅವನ ಜೀವ ತಡೆಯದು. ಬೇಡದ ಗುಂಡು, ಬೇಡದ ಬಟ್ಟೆ ಎಲ್ಲ ಆರಿಸಿ, ಚೀಲದಲ್ಲಿ ಒಪ್ಪವಾಗಿ ಜೋಡಿಸಿ, ಆಮೇಲೆ ಹೆಜ್ಜೆ ಕೀಳುವುದು. ಅವನಿಗೆ ಹೇಳುವವರು ಯಾರು? ಮನೆಯ ಅಳಿಯ, ಮೊದಲ ದೀಪಾವಳಿಗೆ ಬಂದವನು. ಸುಜಯ ತನಗೆ ಸಿಕ್ಕ ದಪ್ಪ ಜಾಕೀಟು ಬಿಚ್ಚಿ, “ನೀವ ಹಾಕ್ಕೋರಿ ದಾಜಿ,” ಎಂದು ಅವನ ಮುಂದೆ ಇಟ್ಟ. ದುಂಡೇಶ ತಂಡಕ್ಕೆಲ್ಲ ಇದ್ದ ಒಂದೇ ಒಂದು, ದೂರಕ್ಕೆ ಗುರಿಯಿಡುವ ಬಂದೂಕನ್ನು ಕೊಟ್ಟುಬಿಟ್ಟ.

“ದುಂಡ್ಯಾ, ಅದನ್ನ ಯಾಕ ಕೊಟ್ಟಿ?” ಪೂನಮ ಪಿಸುಗುಟ್ಟಿದಳು.

“ದಾಜಿ ಕೇಳಿದ್ರು ಅಕ್ಕಾ. ಇಲ್ಲ ಅಂತ ಹ್ಯಾಂಗ ಅನ್ನೂದು?”

ದುಂಡೇಶನ ಮಾತಿನ ಹಿಂದೆ ಕುರಿಯೊಂದು ಕೂಗಿತು. ಪೂನಮಳಿಗೆ ಸಿಟ್ಟು ಬಂತು. ಆದರೂ ಅಂಥ ಸ್ಥಿತಿಯಲ್ಲೂ ಆಟ ಕೈಬಿಟ್ಟು ಹೋಗಿರಲಿಲ್ಲ. ಅವಳ ಕಣ್ಣು ಚುರುಕಾಗಿತ್ತು. ರಾಯಬಾಗದ ತಂಡವನ್ನು ಸೇತುವೆಯ ಬಾಯಲ್ಲಿ ಕೆಡಹಿಸಿದಳು. ಕಾಗವಾಡದವರು ಜೀಪು ಹತ್ತಿ ಬಂದಾಗ ಕಾಯಿಸಿ, ಕಾಯಿಸಿ, ಗಾಲಿಗೆ ಹೊಡೆಸಿದಳು. ಅಭಿನಂದನನ ಬಂದೂಕು ಒಂದು ಸಲ ಸಿಡಿಯಿತು, ಅದೂ ಒಂದು ಗಿಡಕ್ಕೆ ತಾಗಿತು. “ಛಲೋ ಹೊಡದ್ರಿ ದಾಜಿ,” ಎಂದ ದುಂಡೇಶ.

ಕಡೆಗೆ ಎರಡು ತಂಡ ಉಳಿದವು. ಇವರು ನಾಲ್ವರು, ಅಥಣಿಯವರು ಮೂವರು. ಆಡುವ ಜಾಗ ಒಂದು ಹಳೆಯ ಗೋದಾಮು, ಅದರ ಎದುರಿಗಿನ ಬಂಡೆಗಳ ದಿಬ್ಬ, ಇಷ್ಟಕ್ಕೆ ಬಂದು ನಿಂತಿತ್ತು. ಪೂನಮ ದಿಬ್ಬದ ಮೇಲೆ ಬಂಡೆಯ ಮರೆಗಿದ್ದಳು. ಮೂವರು ಗಂಡಸರು ಗೋದಾಮಿನಲ್ಲಿದ್ದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಗೋದಾಮು ಆಟದ ಜಾಗದಿಂದ ಹೊರಗೆ ಬೀಳುವುದಿತ್ತು.

ಬೆಳಗಾವಿಯ ಸಭಾಗೃಹವನ್ನು ಅವಳು ನೋಡಿರಲಿಲ್ಲ. ಆದರೂ ಅಲ್ಲಿಯ ಕುರ್ಚಿ, ಎದುರಿಗಿನ ದೊಡ್ಡ ಪರದೆ, ತನ್ನ ದನಿ ಮೈಕಿನಲ್ಲಿ ಬರುವುದು ಎಲ್ಲ ಅವಳಿಗೆ ಕಾಣುತ್ತಿತ್ತು.

“ಕೇಳ್ರಿ ಎಲ್ಲಾರೂ,” ಎಂದಳು. “ನಾ ಅಂದಕೂಡ್ಲೇ ಮೂರೂ ಮಂದಿ ಕೂಡೇ ದಿಬ್ಬಕ್ಕ ಓಡಿ ಬರಬೇಕು. ಒಬ್ಬರ ಹಿಂದ ಉಳದ್ರೂ ಎಲ್ಲಾ ಮುಗೀತು. ದುಂಡ್ಯಾ, ಹೊಗಿ ಒಗಿ. ಸುಜ್ಯಾ, ಓಡ.”

ಬಯಲಿನಲ್ಲಿ ಬಿಳಿ ಹೊಗೆ ಎದ್ದಿತು. ಇಬ್ಬರು ಓಡಿದರು. ಅಭಿನಂದನ ಓಡಲಿಲ್ಲ. ಗೋದಾಮಿನ ಮೂಲೆಯಲ್ಲಿ ಸತ್ತವನೊಬ್ಬನ ಸಾಮಾನಿನ ಪೆಟ್ಟಿಗೆ ಬಿದ್ದಿತ್ತು; ಅವನು ಅದನ್ನು ಬಿಚ್ಚಿ ನೋಡುತ್ತಿದ್ದ.

“ಸುಜ್ಯಾ, ನಿಮ್ಮ ದಾಜಿಗೆ ಹೇಳೋ!”

ಸುಜಯ ಬಯಲಿನ ನಡುಮಧ್ಯೆ ಇದ್ದ. ಅಭ್ಯಾಸಬಲದಿಂದ ಕತ್ತು ಹೊರಳಿಸಿ ಪಕ್ಕದಲ್ಲಿ ಕೂತವನ ಮುಖ ನೋಡಿ, “ದಾಜಿ, ಅಕ್ಕ ಬರಾಕ ಹೇಳಾಕತ್ತಾಳ್ರಿ,” ಎಂದ. ಮತ್ತೆ ಫೋನಿನ ಕಡೆ ತಿರುಗುವ ಹೊತ್ತಿಗೆ ಆಟದೊಳಗಿನ ಅವನ ಆಳು ನೆಲಕ್ಕೆ ಬಿದ್ದಿತ್ತು. ದಿಬ್ಬದ ಬುಡ ಮುಟ್ಟಿದ್ದ ದುಂಡೇಶ ತಿರುಗಿ ಹೊರಟ.

“ದುಂಡ್ಯಾ, ಬ್ಯಾಡ! ಮ್ಯಾಲ ಬಾ!”

“ದಾಜಿ ಒಬ್ಬರ ಅದಾರ ಅಕ್ಕಾ. ಅವರನ್ನ ಹ್ಯಾಂಗ ಬಿಟ್ಟ ಬರೂದು?”

ಅವಳ ಮಾತು ಕೇಳದೆ ದುಂಡೇಶ ಹೆಜ್ಜೆ ಇಟ್ಟದ್ದು ಅದೇ ಮೊದಲು. ಹೊಗೆ ತಿಳಿಯಾಗುತ್ತಿತ್ತು. ಅಥಣಿಯವನೊಬ್ಬನನ್ನು ಕೆಡವಿ ಅವನೂ ಬಿದ್ದ. ಅತ್ತ ಇಬ್ಬರು ಉಳಿದರು, ಇತ್ತ ಬಂದೂಕಿಲ್ಲದ ಪೂನಮ ಮತ್ತು ಅಭಿನಂದನ.

ಅಡಿಗೆಮನೆಯಿಂದ ಅವ್ವ ಇಣುಕಿ, “ಸುಜಯಾ, ನಿಂದ ಮುಗೀತಿಲ್ಲೋ? ಮಾವಾರಿಗೆ ಚಹಾ ಒಯ್ಯಿ, ಆರಾಕತ್ತೈತಿ,” ಎಂದಳು. ಸುಜಯ ಒಲ್ಲದ ಮನಸ್ಸಿನಿಂದ ಎದ್ದ. ಗಾದಿಯ ನಡುವೆ ಅವನು ಕೂತಿದ್ದ ಜಾಗ ಖಾಲಿಯಾಯಿತು.

ಆಗ ಪೂನಮಳಿಗೆ ಅದು ಕಂಡಿತು. ದಿಬ್ಬದ ಮೇಲಿದ್ದ ಅವಳಿಗೆ ಮಾತ್ರ ಕಾಣುವಂಥದ್ದು. ಅಥಣಿಯವನೊಬ್ಬ ಗೋದಾಮಿನ ಹಿಂದಿನ ಕಿಟಕಿಯಿಂದ ಒಳಗೆ ಇಳಿಯುತ್ತಿದ್ದ. ಅಭಿನಂದನ ಅವನಿಗೆ ಬೆನ್ನು ಮಾಡಿ, ಬಾಗಿಲಿಗೆ ಬಂದೂಕು ಇಟ್ಟುಕೊಂಡು, ತಾನು ಬಹಳ ಎಚ್ಚರವಾಗಿದ್ದೇನೆ ಎಂದುಕೊಂಡು ಕೂತಿದ್ದ. ಹಿಂದಕ್ಕೆ ತಿರುಗಿದರೆ ಸಾಕಾಗಿತ್ತು. ಅಷ್ಟು ಹತ್ತಿರದಲ್ಲಿ ಅವನ ಗುರಿಯೂ ತಪ್ಪುತ್ತಿರಲಿಲ್ಲ. ಹೆಸರು, ಅದರ ಬೆನ್ನಿಗೆ ಒಂದು ಮಾತು. ಪೂನಮ ಬಾಯಿ ತೆರೆದಳು. ಸುಜಯ ಚಹಾ ಹಿಡಿದು ಪರದೆ ಸರಿಸಿದ. ಪಡಸಾಲೆಯಲ್ಲಿ ಧನಪಾಲ ಪೇಪರು ಮಡಚಿದ ಸಪ್ಪಳ ಕಿವಿಗೆ ಬಿತ್ತು.

“ರೀ…” ಎಂದಳು.

ಅಭಿನಂದನ ಕೂಡಲೇ ಹೊರಳಿದ. ಆಟದೊಳಗೆ ಹೊರಳಲಿಲ್ಲ. ಗಾದಿಯ ಮೇಲೆ ಹೊರಳಿ, ನಿಪ್ಪಾಣಿಯಲ್ಲಿ ಊಟಕ್ಕೆ ಕರೆದಾಗ ನೋಡುವ ಹಾಗೆಯೇ ಹೆಂಡತಿಯ ಮುಖ ನೋಡಿ, “ಏನ?” ಎಂದ.

ಫೋನಿನಲ್ಲಿ ಗುಂಡಿನ ಸದ್ದು ಬಂತು. ಅವನು ತಲೆ ತಗ್ಗಿಸಿ ನೋಡಿದ. ಹೆಲ್ಮೆಟ್ಟು, ಜಾಕೀಟು, ದೂರದ ಬಂದೂಕು, ಒಪ್ಪವಾಗಿ ಜೋಡಿಸಿದ ಅಷ್ಟೂ ಸಾಮಾನು ಗೋದಾಮಿನ ನೆಲದ ಮೇಲೆ ಒಂದು ಪೆಟ್ಟಿಗೆಯಾಗಿ ಬಿದ್ದಿತ್ತು. ಗುಂಡು ಔಷಧ ಬಿಟ್ಟರೆ ಕೈಯಲ್ಲಿ ಏನೂ ಇಲ್ಲದ ಪೂನಮ ಬಂಡೆಯ ಮರೆಗೆ ಸ್ವಲ್ಪ ಹೊತ್ತು ಕೂತಿದ್ದಳು. ಇಬ್ಬರು ಎರಡು ಕಡೆಯಿಂದ ಬಂದರು. ಆಟ ಮುಗಿಯಿತು.

ಅಥಣಿಯ ಹುಡುಗರು ಕುಣಿದಾಡುವುದು ಇಯರ್‌ಫೋನಿನಲ್ಲಿ ಕೇಳಿಸಿತು. ಅದರ ನಡುವೆ ದುಂಡೇಶ, “ಇರ್ಲಿ ಅಕ್ಕಾ. ಕುರಿ ಕಬ್ಬಿನ್ಯಾಗ ಹೊಕ್ಕಾವು, ಹೊಡಕೊಂಡ ಬರತೀನಿ,” ಎಂದು ಹೋದ. ಪೂನಮ ಇಯರ್‌ಫೋನಿನ ವಾಯರು ಸುತ್ತಿ ಸುತ್ತಿ ಬೆರಳಿನಷ್ಟು ಗಂಟು ಮಾಡಿದಳು. ಅಳು ಬರಲಿಲ್ಲ. ಸಿಟ್ಟು ಬಂತು, ಅದು ಯಾರ ಮೇಲೆ ಎಂದು ನೋಡಿದರೆ ತನ್ನ ನಾಲಿಗೆಯ ಮೇಲೆಯೇ ಬಂತು.

“ನಂದ ತಪ್ಪಾತು,” ಎಂದ ಅಭಿನಂದನ. “ಆ ಪೆಟಗಿ ನೋಡಬಾರದಿತ್ತು ನಾ.”

“ಹಂಗೇನಿಲ್ರಿ ದಾಜಿ,” ಎಂದ ಒಳಗೆ ಬಂದ ಸುಜಯ. ಸೋತ ಮೇಲೂ ಅವನಿಂದ ಬೇರೆ ಮಾತು ಬರಲಿಲ್ಲ. ಅಜ್ಜಿ ತೂಗುಮಂಚದ ಮೇಲೆ ಜಪ ಮಾಡುತ್ತಿದ್ದಳು. ಮಣಿ ಸರಿಸುವ ಬೆರಳು ಮಾತ್ರ ಒಂದೆರಡು ಸಲ ನಿಂತಿತ್ತು.

ಹೊತ್ತು ಮುಳುಗುವ ಮೊದಲು ಊಟಕ್ಕೆ ಎಲೆ ಹಾಕಿದರು. ಧನಪಾಲ, ಅಭಿನಂದನ, ಸುಜಯ ಸಾಲಾಗಿ ಕೂತರು. ಪೂನಮ ಹೋಳಿಗೆ ಬಡಿಸುತ್ತ ಬಂದಳು.

“ಗೆದ್ರೇನಪಾ?” ಎಂದು ಧನಪಾಲ ಮಗನನ್ನು ಕೇಳಿದರು.

“ಇಲ್ರಿ ಅಪ್ಪಾ. ಸೋತ್ವಿ. ನನ್ನ ಸಲುವಾಗಿ ಸೋತ್ವಿ. ಪೂನಮ ಭಾಳ ಛಲೋ ಆಡತಾಳ್ರಿ.”

“ಹೌದ?” ಧನಪಾಲ ಸೊಸೆಯ ಕಡೆಗೆ ಮೆಚ್ಚಿಕೆಯಿಂದಲೇ ನೋಡಿದರು. ಸಣ್ಣ ಮನಸ್ಸಿನ ಮನುಷ್ಯರಲ್ಲ ಅವರು. “ಛಲೋ ಆತ ಬಿಡವಾ. ತವರಮನ್ಯಾಗ ಹಬ್ಬದಾಗ ನಾಕ ದಿನಾ ಆಡಿ ಮನಸ ಹಗರ ಮಾಡ್ಕೊಂಡಿ. ನಿಮ್ಮ ಅತ್ತಿನೂ ಹಂಗ. ಲಗ್ನಕ್ಕಿಂತ ಮೊದಲ ಬಸದ್ಯಾಗ ಭಜನಾ ಹಾಡತಿದ್ಲು. ಆಕಿ ದನಿ ಕೇಳಾಕ ಅಂತ ಮಂದಿ ಬರತಿತ್ತು.”

“ಈಗ ಹಾಡೂದಿಲ್ಲೇನ್ರಿ?” ಎಂದು ಸುಜಯ ಕೇಳಿದ.

“ಈಗೆಲ್ಲಿ ಹಾಡತಾಳಪಾ,” ಎಂದು ಧನಪಾಲ ನಗುತ್ತ ಹೋಳಿಗೆ ಮುರಿದರು. “ಇನ್ನೊಂದ ಚೂರ ತುಪ್ಪ ಹಾಕವಾ.”

ಪೂನಮ ತುಪ್ಪ ಹಾಕಿದಳು. ಅತ್ತೆ ಹಾಡುವುದನ್ನು ಅವಳು ಇಷ್ಟು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಗುನುಗಿದ್ದನ್ನೂ ಕೇಳಿರಲಿಲ್ಲ. ಅಡಿಗೆಮನೆಗೆ ಬಂದು ತುಪ್ಪದ ಮಿಳ್ಳಿ ಕೆಳಗಿಟ್ಟು, ಗೋಡೆಗೆ ಕೈ ಕೊಟ್ಟು ನಿಂತಳು. ಅವಳಿಗೆ ಹೆದರಿಕೆಯಾಯಿತು.

ಕತ್ತಲಾಗುವ ಹೊತ್ತಿಗೆ ಹೊರಡುವ ಗಡಿಬಿಡಿ. ಅವ್ವ ಬಾಗಿಲ ಮುಂದಿನ ಮೆಟ್ಟಿಲುಗಳ ಮೇಲೆ ಪಣತಿಯ ದೀಪ ಹಚ್ಚಿಟ್ಟಿದ್ದಳು. ಓಣಿಯ ಹೆಂಗಸರು ಸೊಂಟದ ಮೇಲೆ ಕೂಸುಗಳನ್ನಿಟ್ಟುಕೊಂಡು ಬೀಳ್ಕೊಡಲು ಬಂದಿದ್ದರು. ಧನಪಾಲ ಆಗಲೇ ಕಾರಿನಲ್ಲಿ ಕೂತು ಕಿಟಕಿ ಇಳಿಸಿದ್ದರು. ಅಭಿನಂದನ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಚಕಲಿ ಕರ್ಚಿಕಾಯಿಯ ಡಬ್ಬಿ ಹಿಡಿದು ಹೊಸ್ತಿಲು ದಾಟಿದ. ಪಾಡ್ಯಕ್ಕೆ ಹೆಂಡತಿಯ ತವರಿನವರು ಕೊಡಿಸಿದ ಅಗಲವಾದ ಬಿಳಿ ಪಾಯಜಾಮ ಅವನ ಹಿಮ್ಮಡಿ ಮುಚ್ಚಿತ್ತು.

ಪೂನಮ ಹೊಸ್ತಿಲಿಗೆ ಬರುತ್ತಿದ್ದಂತೆ ಅಜ್ಜಿ ಅಡ್ಡ ಬಂದು ಬಾಗಿಲ ಚೌಕಟ್ಟಿಗೆ ಕೈ ಚಾಚಿದಳು.

“ಮೊದಲನೇ ದೀಪಾವಳಿ ಮುಗಿಸಿ ಹೊಂಟೀದಿ. ಹೆಸರ ಹೇಳದ ಬಿಡೂದಿಲ್ಲ.”

“ಹೇಳ ಪೂನಮ, ಹೇಳ!” ಎಂದು ಓಣಿಯ ಹೆಂಗಸರು ನಕ್ಕರು. ಅಭಿನಂದನನೂ ತನ್ನ ಹೆಸರು ಕೇಳುವ ಆಸೆಯಿಂದ ಬಾಗಿಲ ಕಡೆ ಮುಖ ಮಾಡಿ ನಿಂತ. ಸುಜಯ ಏನೋ ಚೇಷ್ಟೆ ಮಾಡಿದ್ದಕ್ಕೆ ನಗುತ್ತ, ಅಭಿನಂದನ ಹಿಂದು ಹಿಂದಕ್ಕೆ ಒಂದು ಮೆಟ್ಟಿಲು ಇಳಿದ.

ಪೂನಮಳಿಗೆ ಒಡಪು ಬಾಯಿಪಾಠವಿತ್ತು. ಅವಳು ಕೆಳಗೆ ನೋಡುತ್ತಲೇ, “ದೂಧಗಂಗಾ ದಂಡಿಗೆ…” ಎಂದು ಶುರು ಮಾಡಿದಳು. ಅವಳ ಕಣ್ಣಿಗೆ ಅವನ ಕಾಲ ಹಿಂದಿನ ಪಣತಿ ಕಂಡಿತು. ಅವನ ಹಿಮ್ಮಡಿ ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ಪಾಯಜಾಮದ ಅಂಚು ಬೆಂಕಿಯ ಮೇಲೆ ಬರುತ್ತಿತ್ತು.

“ಅಭಿನಂದನ, ನಿಂದರ!”

ಅವನು ನಿಂತ. ಒಂದು ಕಾಲು ಮೇಲಿನ ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಎರಡೂ ಕೈಯಲ್ಲಿ ಭಾರ ಹಿಡಿದು, ಅಲ್ಲಾಡದೆ ನಿಂತ. ಹೆಂಗಸರ ನಗು ನಿಂತಿತು. ಯಾರದೋ ಸೊಂಟದ ಮೇಲಿನ ಕೂಸು ಕಿಲಕಿಲ ಎಂದಿತು. ಕಾರಿನ ಕಿಟಕಿಯಲ್ಲಿ ಧನಪಾಲರ ಮುಖ ಇತ್ತ ಹೊರಳಿತು.

ತಾರಾಬಾಯಿ ಮೊಮ್ಮಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಚೌಕಟ್ಟಿನಿಂದ ಕೈ ತೆಗೆದಳು.

“ಹೇಳಿದಿ. ಹೋಗ,” ಎಂದಳು.

ಅಭಿನಂದನ ಇನ್ನೂ ಒಂಟಿಗಾಲಿನಲ್ಲೇ ಇದ್ದ. ಹೆಂಡತಿ ಹತ್ತಿರ ಬಂದಾಗ, ಅವಳಿಗೆ ಮಾತ್ರ ಕೇಳುವ ಹಾಗೆ, “ಮಧ್ಯಾಹ್ನ ಹಿಂಗ ಕರದಿದ್ರ ಹೊರಳತಿದ್ನೆಲ್ಲ,” ಎಂದ. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ.

ಪೂನಮ ಅವನನ್ನು ದಾಟಿ ಕೆಳಗಿಳಿದು, ಬಗ್ಗಿ, ಅವನ ಕಾಲ ಕೆಳಗಿನ ಪಣತಿಯನ್ನು ಎತ್ತಿಕೊಂಡಳು.

“ಈಗ ಇಡ,” ಎಂದಳು.

ಅವನು ಕಾಲು ಇಟ್ಟ. ಉಳಿದ ಮೆಟ್ಟಿಲುಗಳನ್ನು ನೋಡಿ ನೋಡಿ ಇಳಿದು ಕಾರಿನ ಕಡೆ ಹೋದ. ಪಣತಿಯನ್ನು ಮತ್ತೆ ಅಲ್ಲೇ ಇಡಬೇಕೋ ಬೇರೆ ಕಡೆ ಇಡಬೇಕೋ ತಿಳಿಯದೆ ಪೂನಮ ಅದನ್ನು ಹಿಡಿದುಕೊಂಡೇ ನಿಂತಿದ್ದಳು. ಎಣ್ಣೆ ತುಳುಕಿ ಬೆರಳಿಗೆ ಬಿಸಿ ತಾಗುತ್ತಿತ್ತು.